ಹಿಮದಲ್ಲಿ ಚಿಕ್ಕ ಮಕ್ಕಳ ಆಟ: ಏನು ಹಾಕ್ತೀರಿ, ಎಷ್ಟು ಹೊತ್ತು ಬಿಡ್ತೀರಿ?

ಮಿನಿಯಾಪೊಲಿಸ್ (ಪ್ರಶ್ನೆ): ಶಿವಮೊಗ್ಗದಿಂದ ಬಂದ ಮೇಲೆ ಇದು ನಮ್ಮ ಮೊದಲ ಚಳಿಗಾಲ. ಮಕ್ಕಳಿಗೆ ಎರಡು ಮತ್ತು ನಾಲ್ಕು ವರ್ಷ. ಹೊರಗೆ ಹೋಗಿ ಸ್ವಲ್ಪ ಹೊತ್ತಿಗೇ ಕೈ ಕೆಂಪಾಗಿ ಅಳೋಕೆ ಶುರು. ಯಾವ ಬಟ್ಟೆ ತಗೋಬೇಕು? ಸೆಕೆಂಡ್ ಹ್ಯಾಂಡ್ ನಡೆಯುತ್ತಾ? ಅನುಭವ ಇರೋರು ಹೇಳಿ.

ಎಡ್ಮಂಟನ್: ಜಾಕೆಟ್ ಆಮೇಲೆ ನೋಡಿ, ಮೊದಲು ಕೈಗವಸು. ಐದು ಬೆರಳಿನದು ಬೇಡವೇ ಬೇಡ, ಅದರಲ್ಲಿ ಒಂದೊಂದು ಬೆರಳೂ ಬೇರೆಬೇರೆಯಾಗಿ ತಣ್ಣಗಾಗುತ್ತೆ. ಬೆರಳೆಲ್ಲ ಒಟ್ಟಿಗಿರುವ ಮಿಟನ್ ಬೇಕು, ನೀರು ಒಳಗಿಳಿಯಬಾರದು, ಮೊಣಕೈ ಹತ್ತಿರದವರೆಗೂ ಉದ್ದ ಇರಬೇಕು. ಹಾಕೋ ಕ್ರಮ: ಥರ್ಮಲ್ (ಮೈಗಂಟುವ ಬೆಚ್ಚನೆಯ ಒಳಉಡುಪು), ಫ್ಲೀಸ್ (ಮೆತ್ತನೆಯ ಬೆಚ್ಚನೆ ಪದರ), ಸ್ನೋ ಪ್ಯಾಂಟ್, ಬೂಟು, ಮಿಟನ್, ಕೊನೆಗೆ ಜಾಕೆಟ್. ಜಾಕೆಟ್ಟಿನ ತೋಳು ಮಿಟನ್ ಮೇಲೆ ಬಂದರೆ ಎರಡು ವರ್ಷದ ಮಗು ಅದನ್ನ ಕಿತ್ತು ಬಿಸಾಡೋಕೆ ಆಗಲ್ಲ. ಹತ್ತಿ ಬನಿಯನ್, ಹತ್ತಿ ಕಾಲುಚೀಲ ಮನೆಯಲ್ಲೇ ಇರಲಿ. ಮಗು ಓಡಿ ಬೆವರಿದರೆ ಹತ್ತಿ ಬೆವರು ಹೀರಿ ಮೈಗಂಟಿಕೊಳ್ಳುತ್ತೆ, ಆಮೇಲೆ ಸುಮ್ಮನೆ ನಿಂತ ಕೂಡಲೇ ನಡುಕ. ಉಣ್ಣೆ ಅಥವಾ ಪಾಲಿಯೆಸ್ಟರ್ ಸಾಕು. ಒಬ್ಬೊಬ್ಬರಿಗೆ ಮೂರು ಜೊತೆ ಮಿಟನ್ ಇಡಿ: ಒಂದು ಕೈಯಲ್ಲಿ, ಒಂದು ನಿಮ್ಮ ಜೇಬಲ್ಲಿ, ಒಂದು ಹೀಟರ್ ಮುಂದೆ ಒಣಗ್ತಾ.

ಟೊರೊಂಟೊ: ಕ್ರಮ ಸರಿ, ಆದರೆ ಮಿಟನ್ ಜಾಕೆಟ್ ಒಳಗೆ ಅನ್ನೋದನ್ನ ಒಪ್ಪಲ್ಲ. ಮಗು ಹಿಮ ಅಗೆಯುವಾಗ ಕೈ ಕೆಳಗಿರುತ್ತೆ, ತೋಳಿನ ಬಾಯಲ್ಲಿ ಹಿಮ ತುಂಬಿ ಮಣಿಕಟ್ಟಿನಲ್ಲಿ ಕರಗುತ್ತೆ. ನಮ್ಮದು ಯಾವಾಗಲೂ ಹೊರಗೆ, ಮೇಲೆ ದಾರ ಎಳೆದು ಬಿಗಿ.

ಇನ್ನು ದುಡ್ಡಿನ ಮಾತು. ನಾವು ಹೊಸ ಒನ್‌ಪೀಸ್ ಸೂಟಿಗೆ (ಜಾಕೆಟ್ಟು, ಪ್ಯಾಂಟು ಒಂದೇ ಆಗಿ ಹೊಲಿದದ್ದು) 180 ಡಾಲರ್ ಸುರಿದ್ವಿ, ತೆರಿಗೆ ಬೇರೆ. ಜನವರಿಯಲ್ಲಿ ಜಿಪ್ಪಿನ ಕೆಳತುದಿ ಕಿತ್ತುಬಂತು. ಅಂಗಡಿಯವರು ಮಕ್ಕಳು ಎಳೆದದ್ದಕ್ಕೆ ವಾರಂಟಿ ಇಲ್ಲ ಅಂದ್ರು. ದರ್ಜಿ 35 ಡಾಲರ್, ಅಷ್ಟು ದಿನ ಹಾಕೋಕೆ ಇನ್ನೊಂದು ಹಳೇ ಸೂಟಿಗೆ 40. ಅದರ ಮೇಲೆ, ನಾಲ್ಕು ವರ್ಷದವರು "ಉಚ್ಚೆ" ಅಂದರೆ ಒನ್‌ಪೀಸಿನಲ್ಲಿ ಭುಜದಿಂದ ಕಾಲಿನವರೆಗೂ ಬಿಚ್ಚಬೇಕು. ಬಿಬ್ ಪ್ಯಾಂಟು (ಎದೆವರೆಗೂ ಬರುವ, ಭುಜಕ್ಕೆ ಪಟ್ಟಿ ಇರುವ ಸ್ನೋ ಪ್ಯಾಂಟು), ಬೇರೆ ಜಾಕೆಟ್ಟು ತಗೊಳ್ಳಿ. ಕೆಲವದರ ಒಳಗೆ ಬಣ್ಣದ ದಾರದ ಹೊಲಿಗೆ ಇರುತ್ತೆ, ಕತ್ತರಿಸಿದರೆ ತೋಳು, ಕಾಲು ಒಂದೂವರೆ ಇಂಚು ಉದ್ದ ಆಗುತ್ತೆ, ಇನ್ನೊಂದು ಚಳಿಗಾಲ ಬರುತ್ತೆ.

ಸ್ಟಾಕ್‌ಹೋಮ್: ಜಿಪ್ಪು ಹೋಯ್ತು ಅಂತ ಒನ್‌ಪೀಸನ್ನೇ ದೂರೋದು ಅನ್ಯಾಯ. ಇಲ್ಲಿ ಡೇಕೇರಿನ ಸಣ್ಣ ಮಕ್ಕಳೆಲ್ಲ ಅದನ್ನೇ ಹಾಕಿ ದಿನಾ ಹೊರಗೆ ಆಡ್ತಾರೆ. ಕುಳಿತರೂ ಮಲಗಿದರೂ ಸೊಂಟದಲ್ಲಿ ಹಿಮ ಹೋಗಲ್ಲ. ಅಂಗಾಲಿನ ಕೆಳಗೆ ರಬ್ಬರ್ ಪಟ್ಟಿ ಇದೆಯಾ ನೋಡಿ, ಅದಿಲ್ಲದಿದ್ದರೆ ಪ್ಯಾಂಟು ಮೇಲೇರಿ ಬೂಟಿನೊಳಗೆ ಹಿಮ. ಉಚ್ಚೆಗೆ ಹೊರಡೋ ಮುಂಚೆ ಕೂರಿಸಿ, ಮುಗೀತು. ಹವೆ ಕೆಟ್ಟದಲ್ಲ, ಬಟ್ಟೆ ಕೆಟ್ಟದು ಅಂತಾರೆ ಇಲ್ಲಿ. ನಮ್ಮ ಕೂಸು ತಳ್ಳುಗಾಡಿಯಲ್ಲಿ ಹೊರಗೇ ನಿದ್ದೆ ಮಾಡುತ್ತೆ.

ಎಡ್ಮಂಟನ್: ಸ್ಟಾಕ್‌ಹೋಮಿನ ಜನವರಿ ಸರಾಸರಿ ಸೊನ್ನೆಯ ಆಸುಪಾಸು, ಮಿನಿಯಾಪೊಲಿಸ್‌ನಲ್ಲಿ ಮೈನಸ್ 9ರ ಹತ್ತಿರ, ಎಲ್ಲಾ ಸೆಲ್ಸಿಯಸ್‌ನಲ್ಲಿ. ಮೈನಸ್ 18 ಇದ್ದು ಗಂಟೆಗೆ 24 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಟ್ಟೋದು ಮೈನಸ್ 28. ಮುಚ್ಚದೇ ಬಿಟ್ಟ ಕೆನ್ನೆ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು, ದೊಡ್ಡವರದ್ದೇ. ಹೊರಗೆ ಮಲಗಿಸೋ ಮಾತು ಹೊಸಬರಿಗೆ ಹೇಳಬೇಡಿ.

ಸ್ಟಾಕ್‌ಹೋಮ್: ಮೈನಸ್ 28ರಲ್ಲಿ ಮಲಗಿಸಿ ಅಂತ ನಾನೆಲ್ಲಿ ಹೇಳ್ದೆ? ಓದಿ ಬರೀರಿ.

ಬಫಲೋ: ನಮ್ಮತ್ತೆ ಹೊರಡೋ ಮುಂಚೆ ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿ ಮಂಕಿ ಟೋಪಿ ಹಾಕ್ತಾರೆ. ಎರಡು ಮಕ್ಕಳೂ ಹಾಗೇ ಬೆಳೆದಿದಾರೆ. ನೂರಾರು ಡಾಲರ್ ಸುರಿಯೋ ಅಗತ್ಯವೇ ಇಲ್ಲ.

ಎಡ್ಮಂಟನ್: ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಒಣಚರ್ಮಕ್ಕೆ ರಾತ್ರಿ ಹಚ್ಚಿ, ಒಳ್ಳೇದೇ. ಹೆಪ್ಪುಗಟ್ಟೋದನ್ನ ಅದು ತಡೆಯಲ್ಲ, ತಡೆಯುತ್ತೆ ಅನ್ನೋ ಧೈರ್ಯದಲ್ಲಿ ಮಗುವನ್ನ ಹೆಚ್ಚು ಹೊತ್ತು ಬಿಡೋದೇ ಅಪಾಯ. ಮಂಕಿ ಟೋಪಿಯ ಹೆಣಿಗೆಯಲ್ಲಿ ಗಾಳಿ ನುಗ್ಗುತ್ತೆ, ಬಾಯಿ ಹತ್ತಿರ ಉಸಿರಿನಿಂದ ಒದ್ದೆಯಾಗಿ ಮಂಜುಗಡ್ಡೆ ಕಟ್ಟುತ್ತೆ.

ಬಫಲೋ: ಅದರ ಮೇಲೆ ಜಾಕೆಟ್ಟಿನ ಹುಡ್ ಹಾಕಿದರೆ ಗಾಳಿ ಎಲ್ಲಿಂದ ನುಗ್ಗುತ್ತೆ ಹೇಳಿ? ಒದ್ದೆಯಾದರೆ ಬದಲಾಯಿಸೋಕೆ ಇನ್ನೊಂದಿದೆ. ಹಿರಿಯರು ಮಾಡಿದ್ದೆಲ್ಲ ತಪ್ಪು ಅನ್ನೋ ಧಾಟಿ ಬಿಡಿ. ಮಫ್ಲರ್ ಮಾತ್ರ ನಾವೂ ಸುತ್ತಲ್ಲ, ಜಾರುಬಂಡೆಯಲ್ಲಿ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳು. ಕೊಳವೆಯಂಥ ನೆಕ್ ವಾರ್ಮರ್ ಹಾಕಿ.

ಕ್ಯಾಲ್ಗರಿ: ಜಗಳದಲ್ಲಿ ಮುಖ್ಯವಾದದ್ದು ಬಿಟ್ಟೇಹೋಯ್ತು. ಬೆರಳು, ಕಿವಿ, ಮೂಗಿನ ತುದಿ ಕೆಂಪಗಿದ್ದರೆ ಒಳಗೆ ಕರ್ಕೊಂಡು ಬನ್ನಿ. ಮೇಣದ ಹಾಗೆ ಬಿಳಿಚಿಕೊಂಡು, ಮುಟ್ಟಿದರೂ ಮಗುವಿಗೆ ಗೊತ್ತಾಗದಿದ್ದರೆ ಉಜ್ಜಲೇಬೇಡಿ, ಹಿಮವಂತೂ ಹಚ್ಚಬೇಡಿ. ಒದ್ದೆ ಬಟ್ಟೆ ತೆಗೆದು ನಿಮ್ಮ ಕಂಕುಳಲ್ಲಿ ಕೈ ಇಟ್ಟುಕೊಳ್ಳಿ, ಇಲ್ಲವೇ 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದ್ದಿಡಿ. ಹಾಟ್ ವಾಟರ್ ಬ್ಯಾಗ್, ಹೀಟರ್ ಬೇಡ. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ಮಗು ಅಳಲ್ಲ. ಬಣ್ಣ ಬರದಿದ್ದರೆ, ಗುಳ್ಳೆ ಎದ್ದರೆ ಸೀದಾ ಆಸ್ಪತ್ರೆ.

ಬೂಟು ಬಿಗಿಯಾಗಿದ್ದರೆ ಎರಡು ಕಾಲುಚೀಲ ಹಾಕಿದರೂ ಕಾಲು ತಣ್ಣಗೇ, ರಕ್ತ ಓಡಲ್ಲ. ದಪ್ಪ ಉಣ್ಣೆಯದು ಒಂದೇ ಜೊತೆ, ಬೆರಳಾಡಿಸೋಕೆ ಜಾಗ. ಒಳಗಿನ ಫೆಲ್ಟ್ (ಒತ್ತಿದ ಉಣ್ಣೆಯ ಒಳಪದರ) ಹೊರತೆಗೆಯೋಕೆ ಬರೋ ಬೂಟೇ ತಗೊಳ್ಳಿ, ರಾತ್ರಿ ಒಣಗಿಸಬಹುದು.

ಮಿನಿಯಾಪೊಲಿಸ್ (ಪ್ರಶ್ನೆ): ಧನ್ಯವಾದ. ಕಾರಲ್ಲಿ ಪಾರ್ಕಿಗೆ ಹೋಗ್ತೀವಿ, ಸೂಟ್ ಮನೆಯಲ್ಲೇ ಹಾಕಿಸಬಹುದಾ?

ಟೊರೊಂಟೊ: ಖಂಡಿತ ಬೇಡ! ದಪ್ಪ ಸೂಟಿನ ಮೇಲೆ ಕಾರ್ ಸೀಟಿನ ಬೆಲ್ಟ್ ಬಿಗಿ ಅನ್ನಿಸುತ್ತೆ, ಡಿಕ್ಕಿಯಾದಾಗ ಒಳಗಿನ ಗಾಳಿ ಅಮುಕಿ ಬೆಲ್ಟ್ ಸಡಿಲವಾಗಿ ಮಗು ಹೊರಗೆ ಹಾರಬಹುದು. ಫ್ಲೀಸ್ ಮೇಲೆ ಬೆಲ್ಟ್ ಹಾಕಿ. ಭುಜದ ಹತ್ತಿರ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟಿ, ಮಡಿಕೆ ಸಿಕ್ಕರೆ ಇನ್ನೂ ಬಿಗಿಮಾಡಿ. ಆಮೇಲೆ ಮೇಲೊಂದು ಕಂಬಳಿ.

ಬಫಲೋ: ಮನೆ ಮುಂದೆ ಪ್ಲೋ ಗಾಡಿ (ರಸ್ತೆಯ ಹಿಮ ತಳ್ಳೋ ಗಾಡಿ) ರಾಶಿ ಹಾಕಿದ ಹಿಮದ ಗುಡ್ಡದಲ್ಲಿ ಸುರಂಗ ತೋಡೋಕೆ ಬಿಡಬೇಡಿ. ಕುಸಿದರೆ ಉಸಿರು ಕಟ್ಟುತ್ತೆ, ಗಾಡಿ ಮತ್ತೆ ಬಂದರೆ ಡ್ರೈವರಿಗೆ ಮಗು ಕಾಣಲ್ಲ. ಗೊಂಬೆ ಮಾಡೋದಾದರೆ ಸೊನ್ನೆಯ ಹತ್ತಿರದ ದಿನ ನೋಡಿ. ಮೈನಸ್ 10ರ ಹಿಮ ಹಿಟ್ಟಿನಂತೆ ಉದುರುತ್ತೆ, ಉಂಡೆ ಕಟ್ಟಲ್ಲ. ಅಂಥ ದಿನ ಸ್ಪ್ರೇ ಬಾಟಲಿಗೆ ನೀರು, ಫುಡ್ ಕಲರ್ ಹಾಕಿಕೊಡಿ, ಹಿಮದ ಮೇಲೆ ಚಿತ್ರ ಬರೀತಾರೆ. ಫ್ಲಾಸ್ಕಿನಲ್ಲಿ ಉಗುರುಬೆಚ್ಚನೆ ರಾಗಿ ಗಂಜಿ ಒಯ್ಯಿರಿ, ಚಳಿಯಲ್ಲಿ ಬಾಯಾರಿದ್ದು ಮಕ್ಕಳಿಗೆ ತಿಳಿಯಲ್ಲ.

ಎಡ್ಮಂಟನ್: ಇದನ್ನ ಪೂರ್ತಿ ಒಪ್ತೀನಿ. ಎಣ್ಣೆ ವಿಷಯ ಒಪ್ಪಲ್ಲ.

ಸ್ಟಾಕ್‌ಹೋಮ್: ಸೆಕೆಂಡ್ ಹ್ಯಾಂಡ್ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಧಾರಾಳವಾಗಿ ತಗೊಳ್ಳಿ, ಆದರೆ ಮಂಡಿ, ಕುಂಡೆ ಭಾಗಕ್ಕೆ ನಾಲ್ಕು ಹನಿ ನೀರು ಹಾಕಿ ನೋಡಿ. ಮಣಿಯಾಗಿ ಉರುಳಿದರೆ ಸರಿ, ಬಟ್ಟೆ ಕಪ್ಪಾಗಿ ಹೀರಿದರೆ ಮೇಲಿನ ಲೇಪ ಹೋಗಿದೆ. ಸ್ಪ್ರೇಯಿಂದ ಮರಳಿ ಬರುತ್ತೆ. ಒಳಗೆ ಹೊಲಿಗೆ ಮೇಲಿನ ಟೇಪ್ ಎದ್ದಿದ್ದರೆ ಬಿಡಿ. ಒಗೆಯುವಾಗ ಸಾಫ್ಟ್‌ನರ್ ಹಾಕಬೇಡಿ. ಮತ್ತೆ, ತಗೊಳ್ಳೋದು ಒನ್‌ಪೀಸೇ.

ಟೊರೊಂಟೊ: ಎರಡು ವರ್ಷದವರಿಗೆ ಬೇಕಾದರೆ ತಗೊಳ್ಳಿ. ನಾಲ್ಕರವರಿಗೆ ಬಿಬ್ ಪ್ಯಾಂಟೇ.