ಸಹಾಯ ಬೇಕು: ಮೈಸೂರಿನಿಂದ ದೆಹಲಿಗೆ ವೀಣೆ ಕಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನ ವೀಣೆಯನ್ನು ದೆಹಲಿಯಲ್ಲಿರುವ ತಂಗಿಗೆ ಕಳಿಸಬೇಕು. ಹಲಸಿನ ಮರದ್ದು, ಸುಮಾರು ನಾಲ್ಕು ಅಡಿ ಉದ್ದ. ಎರಡು ಕೊರಿಯರ್‌ನವರು ಒಡೆಯುವ ವಸ್ತು ಬೇಡ ಅಂದರು. ಈಗ ಸ್ವಂತ ವ್ಯಾನ್ ಇರುವ ಒಬ್ಬರು ಒಪ್ಪಿದ್ದಾರೆ, ಆದರೆ 2,000 ಕಿಲೋಮೀಟರಿಗೂ ಜಾಸ್ತಿ ದಾರಿ, ಅದೂ ಏಪ್ರಿಲ್ ಬಿಸಿಲಲ್ಲಿ. ಪ್ಲೈವುಡ್ ಪೆಟ್ಟಿಗೆ ಮಾಡಿಸಿದ್ದೇನೆ, ಬುರುಡೆ (ದಂಡಿಯ ಕೆಳಗೆ ಸಿಕ್ಕಿಸುವ ದುಂಡನೆಯ ಭಾಗ) ಬಿಚ್ಚಿ ಬೇರೆ ಇಡುತ್ತೇನೆ. ನನ್ನ ಭಯವೆಲ್ಲ ಮೇಣದ್ದು. ಸ್ವರಕ್ಕಾಗಿ ತಂತಿ ಒತ್ತುವ 24 ಮೆಟ್ಟಿಲೂ ಮೇಣದಲ್ಲೇ ಕೂತಿವೆ ಅಲ್ವಾ, ಅದು ಮೆತ್ತಗಾಗಿ ಒಂದು ಮೆಟ್ಟಿಲು ಸರಿದರೂ ಸ್ವರ ಕೆಡುತ್ತದೆ, ಮತ್ತೆ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟಿಲುಗಳನ್ನು ಹೊಸದಾಗಿ ಸ್ವರಕ್ಕೆ ಸರಿಯಾಗಿ ಕೂರಿಸಬೇಕು. ತಂತಿ ಪೂರ್ತಿ ಸಡಿಲಿಸಿ ಅಂತ ಟೀಚರ್ ಹೇಳುತ್ತಾರೆ. ಪೂರ್ತಿ ಬಿಟ್ಟರೆ ಕುದುರೆ (ತಂತಿಗಳನ್ನು ಹೊರುವ ಸೇತುವೆ) ಜಾರುತ್ತದೆ, ಅರ್ಧ ಸಾಕು ಅಂತ ಅಂಗಡಿಯವರು. ಹೀಗೆ ದೂರ ವೀಣೆ ಕಳಿಸಿದವರು ದಯವಿಟ್ಟು ಹೇಳಿ: ತಂತಿ ಎಷ್ಟು ಸಡಿಲಿಸಿದಿರಿ, ಮೇಣಕ್ಕೆ ಬಿಸಿ ತಾಗದಂತೆ ಏನು ಮಾಡಿದಿರಿ?