ವಿಜ್ಞಾನಿ ಅಜ್ಜನ ಬಗ್ಗೆ ಎರಡು ಪುಟ ಬರೆಯಬೇಕು, ಅವರು ಬಾಯೇ ಬಿಡುತ್ತಿಲ್ಲ

ಮೂರನೇ ಸಾಲು:
ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬ ಅಜ್ಜ ಇದ್ದಾರೆ. 86 ವರ್ಷ. ಬೆಟಗೇರಿ ಕಡೆಯವರು, ಬೆಂಗಳೂರಿಗೆ ಬಂದು ಐವತ್ತು ವರ್ಷದ ಮೇಲಾಯಿತು. ಇಸ್ರೋದಲ್ಲಿದ್ದು ನಿವೃತ್ತರಾದವರು. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದವರಲ್ಲಿ ಇವರೂ ಒಬ್ಬರಂತೆ.

ನಮಗೆ ಗೊತ್ತಿರುವುದು ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರುವ ಅಜ್ಜ. ಆರಾಧನೆ ನಡುವೆ ಮೈಕ್ ಗೊರಗೊರ ಅಂದರೆ ಎದ್ದು ಹೋಗಿ ವೈರ್ ಸರಿ ಮಾಡಿ ಬರುತ್ತಾರೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಪ್ರತಿ ವರ್ಷ ಒಂದು ಕುಂಬಳಕಾಯಿಗೆ ಕೂಗುತ್ತಾರೆ, ಒಂದಕ್ಕೇ.

ಸಭೆಯ ಪತ್ರಿಕೆಗೆ ಅವರ ಬಗ್ಗೆ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಎರಡು ಸಲ ಮನೆಗೆ ಹೋದೆ. ಚಹಾ, ಚುರುಮುರಿ ಎಲ್ಲ ಆಯಿತು, ಮಾತು ಮಾತ್ರ ಇಲ್ಲ. "ವಿಜ್ಞಾನ, ವಿಶ್ವಾಸ ಎರಡನ್ನೂ ಹೇಗೆ ಹೊಂದಿಸಿಕೊಂಡ್ರಿ ಅಜ್ಜ?" ಅಂತ ಕೇಳಿದೆ. "ಎರಡೂ ಕಡೆ ಟೈಮಿಗೆ ಸರಿಯಾಗಿ ಹೋಗ್ತಿದ್ದೆ, ಅಷ್ಟ" ಅಂದರು. ಇದನ್ನಿಟ್ಟುಕೊಂಡು ಎರಡು ಪುಟ ಹೇಗೆ ತುಂಬಿಸಲಿ?

ಕಡಲತಡಿ:
ಕೇರಳದಲ್ಲಿ ತುಂಬಾ ಅಂತ ಒಂದು ಊರಿದೆ, ಅಲ್ಲಿನ ಚರ್ಚ್ ಕತೆಯಿಂದ ಶುರು ಮಾಡಿ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಮೀನುಗಾರರು ತಮ್ಮ ಸಂತ ಮೇರಿ ಮಗ್ದಲೇನಾ ದೇವಾಲಯವನ್ನೇ ಬಿಟ್ಟುಕೊಟ್ಟಿದ್ದರು. ಈಗ ಅದು ಬಾಹ್ಯಾಕಾಶ ಮ್ಯೂಸಿಯಂ. ನಿಮ್ಮ ಪತ್ರಿಕೆಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಪೀಣ್ಯ ಎರಡನೇ ಹಂತ:
ತುಂಬಾ ಕತೆ ಎಲ್ಲರೂ ಬರೆಯುತ್ತಾರೆ, ಬಿಡಿ. ಆರ್ಯಭಟ ತಯಾರಾಗಿದ್ದು ನಮ್ಮ ಪೀಣ್ಯದ ಶೆಡ್ಡುಗಳಲ್ಲಿ. ಮುಂದೆ ನಿಂತವರು ಉಡುಪಿ ಹತ್ತಿರದ ಅದಮಾರಿನ ವಿಜ್ಞಾನಿ ಯು.ಆರ್. ರಾವ್. ಅಜ್ಜನ ಹತ್ತಿರ ದೊಡ್ಡ ಪ್ರಶ್ನೆ ಕೇಳಬೇಡಿ. ಬೆಂಗಳೂರಲ್ಲಿ ಒಂದು ಟಾಯ್ಲೆಟ್ಟನ್ನೇ ಡೇಟಾ ಪಡೆಯುವ ಕೇಂದ್ರ ಮಾಡಿದ್ದರಲ್ಲ, ಅದನ್ನು ಕೇಳಿ. ಮತ್ತೆ ಹಳೇ ಎರಡು ರೂಪಾಯಿ ನೋಟು ಸಿಕ್ಕರೆ ತೆಗೆದುಕೊಂಡು ಹೋಗಿ. ಹಿಂದೆ ಆರ್ಯಭಟದ ಚಿತ್ರ ಇದೆ. ನನ್ನ ಮಾವನವರೂ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಸುಮ್ನೆ ಕೇಳಿದರೆ ಏನೂ ಹೇಳುತ್ತಿರಲಿಲ್ಲ, ಕೈಗೆ ಒಂದು ಬೋಲ್ಟ್ ಕೊಟ್ಟರೆ ಸಂಜೆವರೆಗೂ ನಿಲ್ಲಿಸುತ್ತಿರಲಿಲ್ಲ.

ಮೂರನೇ ಸಾಲು:
ಹೋಗಿ ಬಂದೆ. ತುಂಬಾ ಅಂದ ತಕ್ಷಣ "ನಾ ಅಲ್ಲಿಗೆ ಹೋಗೇ ಇಲ್ಲ" ಅಂತ ಆ ಮಾತಿಗೆ ಬಾಗಿಲು ಹಾಕಿಬಿಟ್ಟರು. ಟಾಯ್ಲೆಟ್ಟಿಗೆ ನಕ್ಕರು. ಆಮೇಲೆ ನೋಟು ಕೊಟ್ಟೆ.

ಸತ್ಯವೇದ ಓದುವ ಭೂತಗನ್ನಡಿ ತರಿಸಿಕೊಂಡರು. ಬಹಳ ಹೊತ್ತು ನೋಡಿ, ಉಗುರಿನಿಂದ ಚಿತ್ರದ ಅಂಚು ಸವರುತ್ತಾ, "26 ಮುಖ. ಇದರಾಗ ಎಲ್ಲಾ ಕಾಣಂಗಿಲ್ಲ" ಅಂದರು. ಮೇಲಿಂದು, ಕೆಳಗಿಂದು ಬಿಟ್ಟು ಉಳಿದ ಎಲ್ಲ ಮುಖಕ್ಕೂ ಸೌರಕೋಶ ಇತ್ತಂತೆ. ತೂಕ 360 ಕಿಲೋ. ಇವರದು ಸರ್ಕ್ಯೂಟ್ ಬೆಸುಗೆ ಹಾಕಿ ಪರೀಕ್ಷೆ ಮಾಡುವ ಕೆಲಸ. ಉಡಾವಣೆಗೆ ರಷ್ಯಾಕ್ಕೆ ಹೋದವರಲ್ಲಿ ಇವರಿರಲಿಲ್ಲ.

ಉಡಾವಣೆ ಆಗಿದ್ದು 1975ರ ಏಪ್ರಿಲ್ 19, ಶನಿವಾರ. ರಾತ್ರಿ ನಿದ್ದೆಗೆಟ್ಟ ಕಣ್ಣಲ್ಲೇ ಮರುದಿನ ಆರಾಧನೆಗೆ ಹೋದರಂತೆ. ಪ್ರಸಂಗದ ನಡುವೆ ತೂಕಡಿಸಿ ಅಜ್ಜಿಯ ಕೈಯಲ್ಲಿ ಚಿವುಟಿಸಿಕೊಂಡರಂತೆ. ಆಮೇಲೆ ಎಲ್ಲರೂ ಬಂದು ಕೈಕುಲುಕಿದರಂತೆ.

ಆ ವಾರದೊಳಗೇ ಉಪಗ್ರಹದಲ್ಲಿ ವಿದ್ಯುತ್ ತೊಂದರೆಯಾಗಿ ಪ್ರಯೋಗಗಳು ನಿಂತವು. ಮುಂದಿನ ಭಾನುವಾರ ಇವರು ಕೊನೇ ಸಾಲಿನಲ್ಲಿ ಕೂತರಂತೆ. ಯಾರಾದರೂ ಕೇಳಿದರೆ ಏನು ಹೇಳುವುದು ಅಂತ ಚಿಂತೆ. ಅವತ್ತು ಸಭಾಪಾಲಕರು ಮಳೆಗಾಗಿ ಪ್ರಾರ್ಥನೆ ಮಾಡಿದರು. ಯಾರೂ ಏನೂ ಕೇಳಲಿಲ್ಲ. "ಕೇಳಲಿಲ್ಲಲ್ಲ, ಅದಕ್ಕ ಈ ಸಭೆ ಬಿಟ್ಟು ಹೋಗಲಿಲ್ಲ ನೋಡವಾ" ಅಂದರು.

ಕೊನೇ ಸಾಲಿಂದ ಮೂರನೇ ಸಾಲಿಗೆ ಯಾವಾಗ ಬಂದ್ರಿ ಅಂತ ಕೇಳಿದೆ. "ಮೈಕ್ ಕೆಟ್ಟಾಗ."

ಪೀಣ್ಯ ಎರಡನೇ ಹಂತ:
ಎರಡು ಪುಟ ಸಾಲುವುದಿಲ್ಲ ಈಗ. ನೋಟು ವಾಪಸ್ ಇಸ್ಕೊಂಡ್ರಾ?

ಮೂರನೇ ಸಾಲು:
ಎಲ್ಲಿ! ಕೀರ್ತನೆ ಪುಸ್ತಕದೊಳಗೆ ಇಟ್ಟುಕೊಂಡುಬಿಟ್ಟರು. ನಾನೂ ಕೇಳಲಿಲ್ಲ.