ಅಪ್‌ಡೇಟ್: ಬಿದ್ದ ಮೇಲೆ ಸ್ಕೂಟರ್ ಹತ್ತುವ ಭಯ

ಸ್ಕೂಟರ್‌ನಿಂದ ಬಿದ್ದ ಮೇಲೆ ಮತ್ತೆ ಓಡಿಸಲು ಕೈ ನಡುಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಹೇಳಿದ ಮೆಟ್ಟಿಲು ಕ್ರಮವೇ, ಅಂದರೆ ಕಡಿಮೆ ಭಯದ ಕೆಲಸದಿಂದ ಶುರುಮಾಡಿ ಒಂದೊಂದೇ ಹಂತ ಏರುವುದೇ, ಕೆಲಸಕ್ಕೆ ಬಂತು, ಎಲ್ಲರಿಗೂ ಧನ್ಯವಾದ.

ಭಯಕ್ಕೆ 0ರಿಂದ 100ರವರೆಗೆ ಅಂಕ ಕೊಡಬೇಕು: ನಿಂತ ಗಾಡಿ ಮೇಲೆ ಕೂರುವುದು 20, ಖಾಲಿ ಮೈದಾನ 40, ಬಡಾವಣೆ ರಸ್ತೆ 60, ಸಂಜೆಯ ಸಿಗ್ನಲ್ 90. ಅಂಕ ಅರ್ಧಕ್ಕಿಳಿಯುವ ತನಕ ಅದೇ ಮೆಟ್ಟಿಲಲ್ಲಿರಿ. ಭಯ ಏರಿದಾಗಲೇ ಇಳಿದುಬಿಟ್ಟರೆ, ತಪ್ಪಿಸಿಕೊಂಡಿದ್ದರಿಂದಲೇ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಜಾಸ್ತಿ. ವಾರಕ್ಕೊಮ್ಮೆ ಸಾಲದು, ದಿನಾ ಬೇಕು.

ಬಿದ್ದ ಕಾರಣವನ್ನೂ ಸರಿಪಡಿಸಬೇಕು. ಮರಳಿನ ಮೇಲೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಚಕ್ರ ಜಾರುತ್ತದೆ, ಅದಕ್ಕೆ ಮೊದಲೇ ವೇಗ ಇಳಿಸಿ.

ಅಪಘಾತ ಕನಸಲ್ಲಿ ಮರುಕಳಿಸಿ ನಿದ್ದೆ ಕೆಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.